ನಾಸೋಲೋದ ನಗದು ಗಿರಾಕಿಗಳು

ತೋಮಾಸಿ ಮೀನಿನ ಡಬ್ಬಿ ಎತ್ತಿಕೊಂಡು, ಜೇಬಿನಿಂದ ನೋಟು ತೆಗೆದು ಗಲ್ಲಾದ ಮೇಲಿಟ್ಟ. ಲಿತಿಯಾನಾಗೆ ಅನುಮಾನ ಹುಟ್ಟಿದ್ದು ಆಗಲೇ.

ಕಳ್ಳನೋಟಿರಬಹುದೆಂದು ಬೆಳಕಿಗೆ ಹಿಡಿದು ನೋಡಿದಳು. ಅಸಲಿಯೇ. ತೋಮಾಸಿ ಅವಳ ಗಂಡನ ತಮ್ಮ, ಹುಟ್ಟಿದಾಗಿನಿಂದ ಯಾವ ಅಂಗಡಿಯಲ್ಲೂ ದುಡ್ಡು ಬಿಚ್ಚಿದವನಲ್ಲ. ನಾಸೋಲೋದಲ್ಲಿ ಅದರ ಅಗತ್ಯವೂ ಇರಲಿಲ್ಲ. ‘ಕೆರೆಕೆರೆ’ ಎಂದು ಕೈಯೊಡ್ಡಿದರೆ ಸಾಕು. ನೆಂಟನೊಬ್ಬ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವ ಫಿಜಿಯವನು ಇನ್ನೂ ಹುಟ್ಟಿಲ್ಲ. ಈ ಊರಿನಲ್ಲಿ ನೆಂಟನಲ್ಲದವನೂ ಹುಟ್ಟಿಲ್ಲ. ಹಾಗಾಗಿ ಇಲ್ಲಿ ತೆರೆದ ಅಂಗಡಿಗಳೆಲ್ಲ ಬಹಳ ಜನಪ್ರಿಯವಾಗಿ, ಬಹಳ ಬೇಗ ಮುಚ್ಚಿಹೋದವು.

ಲಿತಿಯಾನಾಳದೂ ಅದೇ ಹಾದಿ ಹಿಡಿದಿತ್ತು. ನಾಂದಿ ಪಟ್ಟಣದ ಹೋಟೆಲಿನಲ್ಲಿ ವರ್ಷಗಟ್ಟಲೆ ಪ್ರವಾಸಿಗರ ಹಾಸಿಗೆ ಬಟ್ಟೆ ಒಗೆದು ಕೂಡಿಟ್ಟದ್ದನ್ನೆಲ್ಲ ಹಾಕಿ ತೆರೆದ ಅಂಗಡಿ ಅದು. ಮುಚ್ಚಿದರೆ ಮತ್ತೆ ಆ ಬಟ್ಟೆಗಳೇ ಗತಿ. ನೆನೆಸಿಕೊಂಡರೇ ಸೊಂಟ ನೋಯುತ್ತಿತ್ತು.

ಆಗ ಸರ್ಕಾರ ಒಬ್ಬ ವ್ಯಾಪಾರ ಸಲಹೆಗಾರನನ್ನು ಕಳಿಸಿತು.

ಆಪೆನೀಸಾ ತನ್ನ ಸ್ವಂತ ಜೀಪಿನಲ್ಲಿ ಬಂದ. ಗರಿಗರಿಯಾದ ಸುಲು ಪಂಚೆ ಉಟ್ಟಿದ್ದ, ಕೈಯಲ್ಲಿ ಹೊಳೆಯುವ ವಾಚು, ಬಾಯಲ್ಲಿ ರಾಜಧಾನಿಯ ಮಾತು. ಹೆಂಡತಿ ಇದೇ ಊರಿನವಳಾದ್ದರಿಂದ ಇಡೀ ಊರಿಗೆ ಅಳಿಯ. ಸಣ್ಣ ಅಂಗಡಿಗಳನ್ನು ದೊಡ್ಡದು ಮಾಡುವುದು ಅವನ ಇಲಾಖೆಯ ಗುರಿ. ಅಲ್ಲಿಯವರೆಗೆ ದೊಡ್ಡದಾಗಿದ್ದದ್ದು ಇಲಾಖೆಯ ಕಟ್ಟಡ ಮಾತ್ರ.

“ಅತ್ತೆ, ನೆಂಟಸ್ತನ ಎಲ್ಲ ಚರ್ಚಲ್ಲಿ ಇಟ್ಕೊಳ್ಳಿ. ಗಲ್ಲಾ ಮುಂದೆ ನಿಂತವನು ಬರೀ ಗಿರಾಕಿ. ಎಲ್ಲಿ, ಇಲ್ಲ ಅನ್ನಿ ನೋಡೋಣ.”

“ಈಗ ಇಲ್ಲ, ಸಂಜೆ ಬಾ, ನೋಡೋಣ...”

“ಸಂಜೆಗಿಂಜೆ ಬೇಡ. ಬರೀ ಇಲ್ಲ ಅನ್ನಿ.”

“ನಾಲಗೆ ಹೊರಳಲ್ಲ ಅಳಿಯಂದ್ರೇ.”

“ಹೊರಳ್ಸಬೇಕು. ಇಲ್ದಿದ್ರೆ ಹೋಗಿ ಹೋಟೆಲಲ್ಲಿ ಬಟ್ಟೆ ಒಗೀರಿ.”

ಕನ್ನಡಿಯ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸಿದ. ಅಂದು ಸಂಜೆ ತೋಮಾಸಿ ಬಂದು ಕೈಯೊಡ್ಡಿದಾಗ, ಅವಳು ಕಣ್ಣು ಮುಚ್ಚಿಕೊಂಡು ಇಲ್ಲ ಎಂದುಬಿಟ್ಟಳು. ತೋಮಾಸಿ ಬಹಳ ಹೊತ್ತು ಅಲ್ಲೇ ನಿಂತಿದ್ದ, ಅವನಿಗೆ ಮಾತೇ ಅರ್ಥವಾಗಿರಲಿಲ್ಲ. ಕಡೆಗೆ ಆಪೆನೀಸಾ ಕಾವಾ ಕುಡಿಯುತ್ತ ಕುಳಿತಿದ್ದ ಚಪ್ಪರದ ಕಡೆ ಹೆಜ್ಜೆ ಹಾಕಿದ. ದೂರು ಕೊಡಲು ಹೋದನೆಂದು ಲಿತಿಯಾನಾಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಅವನು ಬಂದು ನೋಟಿಟ್ಟದ್ದು.

ಅವನ ಹಿಂದೆ ಊರೇ ಬಂತು. ಸಕ್ಕರೆ, ಸೋಪು, ಗಟ್ಟಿ ಬಿಸ್ಕತ್ತು, ಎಲ್ಲವೂ ನಗದು. ಲಿತಿಯಾನಾಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಯಾರೂ ಕೊಬ್ಬರಿ ಮಾರಿರಲಿಲ್ಲ. ಯಾರ ದೋಣಿಯೂ ಪೇಟೆಗೆ ಹೋಗಿರಲಿಲ್ಲ. ಕದ್ದುಮುಚ್ಚಿ ಗಾಂಜಾ ಬೆಳೆಯುತ್ತಿರಬಹುದೇ ಎಂದು ಗುಡ್ಡ ಹತ್ತಿ ನೋಡಿಬಂದಳು. ಅಲ್ಲಿ ಮರಗೆಣಸು ಬಿಟ್ಟರೆ ಬೇರೇನೂ ಇರಲಿಲ್ಲ.

ಪಕ್ಕದ ಮನೆಯ ಕೆಲೇರಾಳನ್ನು ಹಿಡಿದು ಕೇಳಿದಳು. “ಏನೇ, ಎಲ್ಲಿಂದ ಬರ್ತಿದೆ ನಿಮಗೆಲ್ಲ ಇಷ್ಟು ದುಡ್ಡು?”

“ಅಳಿಯಂದ್ರ ಪುಣ್ಯ ಕಣಕ್ಕ. ಸಲಹೆಗಾರರು ಅಂದ್ರೆ ನಿನಗೊಬ್ಬಳಿಗೇನಾ?”

“ನಿಮಗೂ ಪಾಠ ಮಾಡ್ತಾರಾ?”

“ಪಾಠ ಏನು ಮಾಡಲ್ಲ. ಕಷ್ಟ ಹೇಳ್ಕೊಂಡ್ರೆ ಕೂತು ಕೇಳ್ತಾರೆ. ಅಂಥ ಆಫೀಸರು ಸಿಗಲ್ಲ.”

ಅಂತೂ ಜನ ಉಳಿತಾಯ ಕಲಿತರು ಎಂದು ಲಿತಿಯಾನಾ ನಂಬಿದಳು. ವ್ಯಾಪಾರ ಚೆನ್ನಾಗಿದ್ದಾಗ ಏನನ್ನು ಬೇಕಾದರೂ ನಂಬಬಹುದು.

ಪ್ರತಿ ಶುಕ್ರವಾರ ಆಪೆನೀಸಾನನ್ನು ಎದುರುಗೊಳ್ಳಲು ಊರಿನವರು ರಸ್ತೆಯವರೆಗೆ ನಡೆದು ಹೋಗತೊಡಗಿದರು. ಚರ್ಚಿನ ಪ್ರಾರ್ಥನೆಗೆ ತಡವಾಗಿ ಬರುವವರೂ ಇಲ್ಲಿ ಮುಂದಿರುತ್ತಿದ್ದರು. ಅವನೂ ಬಹಳ ಸರಳನಾಗಿಬಿಟ್ಟ. ಜೀಪು ಹೋಗಿ ಬಸ್ಸು ಬಂತು. “ಜನರ ಜೊತೆ ಬೆರೀಬೇಕು ಅತ್ತೆ,” ಎಂದ. ವಾಚು ಕಾಣದಿದ್ದಾಗ, “ಹಳ್ಳಿಗೆ ಬಂದು ಗಂಟೆ ಯಾರು ನೋಡ್ತಾರೆ?” ಎಂದ. ಅಧಿಕಾರವಿದ್ದೂ ಇಷ್ಟು ವಿನಯವೇ ಎಂದು ಲಿತಿಯಾನಾ ಬೆರಗಾದಳು.

ರಾಜಧಾನಿ ಸುವಾದಿಂದ ಹಿರಿಯ ಅಧಿಕಾರಿಗಳು ಬಂದು ತುಂಬಿದ ಕಪಾಟುಗಳ ಫೋಟೋ ಹಿಡಿದರು. ಈ ಊರಿನ ಜನರ ಮನಸ್ಸೇ ಬದಲಾಗಿದೆ, ಇದು ಇಡೀ ದೇಶಕ್ಕೆ ಮಾದರಿ ಎಂದು ಭಾಷಣ ಮಾಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ತೋಮಾಸಿ. ಅದೇ ಹುಮ್ಮಸ್ಸಿನಲ್ಲಿ ಲಿತಿಯಾನಾ ಇದ್ದಬದ್ದದ್ದನ್ನೆಲ್ಲ ಸುರಿದು ಇನ್ನೊಂದು ಕೋಣೆ ಕಟ್ಟಿಸಿದಳು, ದೊಡ್ಡ ಫ್ರೀಜರ್ ತರಿಸಿ ಕೋಳಿ ತುಂಬಿದಳು.

ಕೆಲಸ ಮಾಡಿ ತೋರಿಸಿದವನನ್ನು ಸರ್ಕಾರ ಅಲ್ಲೇ ಇರಲು ಬಿಡುವುದುಂಟೇ? ಆಪೆನೀಸಾನಿಗೆ ಬಡ್ತಿ ಬಂತು, ದೂರದ ಲಾವು ದ್ವೀಪಗಳಿಗೆ.

ಬೀಳ್ಕೊಡುಗೆಯ ದಿನ ಊರು ಗೋಳಾಡಿತು. ತೋಮಾಸಿ ಹೆತ್ತ ತಂದೆ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಕೆಲೇರಾ ಆಪೆನೀಸಾನ ಕೈ ಬಿಡಲೇ ಒಲ್ಲಳು. ನಮ್ಮ ಜನ ಎಷ್ಟಾದರೂ ಉಪಕಾರ ಮರೆಯುವವರಲ್ಲ ಎಂದು ಲಿತಿಯಾನಾಳ ಕಣ್ಣೂ ತುಂಬಿತು.

ಎಲ್ಲರೂ ಹೋದ ಮೇಲೆ ಆಪೆನೀಸಾ ಮೆಲ್ಲನೆ ಗಲ್ಲಾದ ಮುಂದೆ ಬಂದು ನಿಂತ.

“ಅತ್ತೆ, ಕೆರೆಕೆರೆ. ಬಸ್ ಚಾರ್ಜಿಗೆ ಏನಾದ್ರೂ...”

ಕೊನೆಯ ಪರೀಕ್ಷೆ ಇರಬೇಕೆಂದು ಅವಳು ನಕ್ಕಳು. “ಇಲ್ಲ,” ಎಂದಳು, ಕಣ್ಣು ಮುಚ್ಚದೆ.

“ಚೆನ್ನಾಗಿ ಕಲ್ತಿದ್ದೀರಿ,” ಎಂದ ಅವನು. ಆದರೆ ಅಲ್ಲಿಂದ ಕದಲಲಿಲ್ಲ.

ಅವಳ ನಗು ನಿಂತಿತು. “ನಿಜವಾಗ್ಲೂ ಇಲ್ವಾ? ಅಷ್ಟು ದೊಡ್ಡ ಸಂಬಳ ಏನಾಯ್ತು ಅಳಿಯಂದ್ರೇ?”

“ನೀವು ಇಲ್ಲ ಅಂದವರೆಲ್ಲ ನನ್ನ ಹತ್ರಾನೇ ಬಂದು ಕೇಳೋರು. ಊರಿಗೆ ಅಳಿಯ ನಾನು, ಹೇಗೆ ಇಲ್ಲ ಅನ್ಲಿ?”

ಅವನು ಹೊಸ ಕೋಣೆಯನ್ನೂ ಫ್ರೀಜರನ್ನೂ ನೋಡಿ ತಲೆ ತಗ್ಗಿಸಿದ.

“ಇಡೀ ಊರಲ್ಲಿ ನಿಮಗೆ ಇದ್ದದ್ದು ಒಬ್ಬನೇ ಗಿರಾಕಿ ಅತ್ತೆ. ಅವನಿಗೂ ಟ್ರಾನ್ಸ್‌ಫರ್ ಆಯ್ತು.”