ಸ್ವೀಡನ್ನಿನ ನಟಿಗೆ ದೃಷ್ಟಿ ತೆಗೆದದ್ದು

ಒಣಮೆಣಸಿನಕಾಯಿ ಸೀದ ಘಾಟು ಬಡಿದರೆ ಈಗಲೂ ನನಗೆ ವಿದೇಶದಲ್ಲಿ ನಾವಿದ್ದ ಬೆಲ್ವ್ಯೂ ಊರಿನ ಆ ಮಧ್ಯಾಹ್ನವೇ ನೆನಪಾಗುತ್ತದೆ. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಹಿರಿಯಾಕೆ ಸ್ವೀಡನ್ನಿನಲ್ಲಿ ನಾಟಕ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ್ದ ನಟಿ. ಅಂದು ತಮ್ಮದೊಂದು ಹಳೆಯ ಸಿನಿಮಾವನ್ನು ನಮ್ಮ ಟೀವಿಯಲ್ಲಿ ಹಾಕಿದ್ದರು. ಮೈಸೂರಿನಿಂದ ಬಂದಿದ್ದ ಅಜ್ಜಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕಡೆಗೆ ತೆರೆಯ ಮೇಲೆ ನಟಿ ಹಿಮದಲ್ಲಿ ಬಿದ್ದು ಪ್ರಾಣ ಬಿಟ್ಟರು. ಸೋಫಾದ ಮೇಲೆ ಆಕೆಯೇ ಆರಾಮಾಗಿ ಚಹಾ ಕುಡಿಯುತ್ತಿದ್ದರು.

"ಅಯ್ಯೋ, ಬದುಕಿರೋರು ಹೀಗೆಲ್ಲ ಸಾಯಬಾರ್ದು! ಕಣ್ಣು ಬೀಳುತ್ತೆ!" ಎಂದು ಅಜ್ಜಿ ಅಡುಗೆಮನೆಗೆ ಓಡಿದರು. ಉಪ್ಪು, ಮೆಣಸಿನಕಾಯಿ ತಂದು ನಟಿಗೆ ನಿವಾಳಿಸಿ, ಕಾದ ಬಾಣಲೆಗೆ ಸುರಿದರು. ಸ್ಮೋಕ್ ಅಲಾರಂ ಕಿರುಚಿತು. ನಾನು ಟವೆಲ್ ಬೀಸುತ್ತ ಕುಣಿದೆ.

ಕೆಮ್ಮುತ್ತ, ನಗುತ್ತ ನಟಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿಗೆ ತಿಳಿಸಿದೆ: "ಸ್ಟೇಜ್ ಮೇಲೆ ಎಷ್ಟೋ ಸಲ ಸತ್ತಿದಾರಂತೆ. ಜನ ಬರೀ ಚಪ್ಪಾಳೆ ತಟ್ಟಿದ್ರಂತೆ."

"ಎಷ್ಟು ಸಲ ಅಂತ ಕೇಳು" ಎನ್ನುತ್ತ ಅಜ್ಜಿ ಮತ್ತೆ ಮೆಣಸಿನಕಾಯಿ ಡಬ್ಬಿಗೆ ಕೈ ಹಾಕಿದರು.