ಚೌಡಮ್ಮನ ಕಾವಲಿದೆ

“ಗೊನೆ ಇಲ್ಲ!”

ತೀರ್ಥಹಳ್ಳಿ ಬಸ್ಸಿನಿಂದ ಇಳಿದ ಮಂಜಯ್ಯ ಗೌಡರು ಸೀದಾ ತುಂಗಮ್ಮನ ಹೋಟೆಲಿಗೆ ನುಗ್ಗಿ ಸಾರಿದರು. “ಬೆಳಿಗ್ಗೆ ನೋಡ್ತೀನಿ, ಬಾಳೆಗೊನೆ ಮಾಯ. ವಕೀಲ್ರ ಕೈ ತಾಗೋ ಮುಂಚೆ ಚೌಡಮ್ಮ ತಾಯಿ ತಾನೇ ತಗೊಂಡ್ಲು!”

ಮೇಳಿಗೆ ಊರಿನ ನಾವೆಲ್ಲ ವಕೀಲ ಶ್ರೀಕರ ಭಟ್ಟರ ಕಡೆ ತಿರುಗಿದೆವು. ದೇವರ ವಿಷಯದಲ್ಲಿ ನಮಗೆ ಸ್ವಂತ ಅಭಿಪ್ರಾಯವಿಲ್ಲ. ಕೊನೆಗೆ ಮಾತಾಡಿದವರು ಹೇಳಿದ್ದೇ ನಮ್ಮ ಸಿದ್ಧಾಂತ.

ಕೋರ್ಟು ಬಿಟ್ಟ ಮೇಲೆ ಭಟ್ಟರಿಗೆ ಉಳಿದ ಒಂದೇ ಕೇಸು ಅಂದರೆ ದೇವರದು. “ಇದ್ದಾನೆ ಅನ್ನೋರೇ ಸಾಬೀತು ಮಾಡ್ಬೇಕು. ಇಲ್ಲ ಅನ್ನೋನ ಮೇಲೆ ಆ ಹೊರೆ ಇಲ್ಲ” ಎಂದು ದಿನಾ ಇದೇ ಬೆಂಚಿನಿಂದ ವಾದಿಸುತ್ತಿದ್ದರು. ಹಿಂದಿನ ದಿನ ಗೌಡರಿಗೆ ರೇಗಿತು. ಅವರ ತೋಟದ ಬೇಲಿಗೆ ಒಂದು ಬೋರ್ಡಿದೆ: ‘ಚೌಡಮ್ಮನ ಕಾವಲಿದೆ. ಕದ್ದವರನ್ನು ತಾಯಿ ನೋಡಿಕೊಳ್ಳುತ್ತಾಳೆ.’ ಒಳಗೆ ಅವಳ ಹರಕೆಗೆಂದೇ ಬಿಟ್ಟ ಬಾಳೆಗೊನೆ.

“ಧೈರ್ಯ ಇದ್ರೆ ಆ ಗೊನೆ ಕಡೀರಿ. ನಿಮಗೇನೂ ಆಗ್ದಿದ್ರೆ ನಾನು ಬೋರ್ಡ್ ಕೀಳ್ತೀನಿ. ಕಡೀದಿದ್ರೆ, ಇನ್ಮೇಲೆ ನೀವು ಈ ಹೋಟ್ಲಲ್ಲಿ ದೇವ್ರ ಸುದ್ದಿ ಎತ್ಬಾರ್ದು.”

ಭಟ್ಟರು ಹೂಂ ಅಂದುಬಿಟ್ಟರು. ಆ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರಬೇಕಾದರೆ ಅವರ ಪಾಲಿಗೆ ಬೆಳಗಾಗುವುದೇ ದಂಡ.

ಅಂದೇ ಸಂಜೆ ಕತ್ತಿ ಹಿಡಿದು ಹೋದರು. ಬೇಲಿಯವರೆಗೆ ಹೋದರು. ಬೋರ್ಡು ಓದಿದರು. ಇನ್ನೊಮ್ಮೆ ಓದಿದರು. ‘ನೋಡಿಕೊಳ್ಳುತ್ತಾಳೆ’ ಅಂದರೆ ಏನು ಮಾಡುತ್ತಾಳೆ ಎಂಬ ವಿವರವಿಲ್ಲ. ಶಿಕ್ಷೆ ಇಂತಿಷ್ಟು ಎಂದು ತಿಳಿಸದ ಕಾನೂನು ಎಂಥ ಕಾನೂನು? ಅಷ್ಟರಲ್ಲಿ ಎಡಮಂಡಿ ಚುಳುಕ್ಕೆಂದಿತು. ಅದು ಹಳೇ ನೋವು, ನಿಜ. ಆದರೂ ಈಗಲೇ ಯಾಕೆ? ದೇವರಿಲ್ಲ ಸರಿ, ಮಂಡಿ ಇದೆಯಲ್ಲ ಎಂದುಕೊಂಡು ಭಟ್ಟರು ಮನೆಗೆ ಮರಳಿದರು.

ಈಗ ಹೋಟೆಲಿನಲ್ಲಿ ಎಲ್ಲರೆದುರು ನಿಜ ಹೇಳಿದರೆ ಪುಕ್ಕಲ. ಸುಮ್ಮನಿದ್ದರೆ ಚೌಡಮ್ಮನಿಗೆ ಜಯ.

“ತಾಯಿನೂ ಇಲ್ಲ, ಗೀಯಿನೂ ಇಲ್ಲ. ಕಡಿದದ್ದು ನಾನು,” ಎಂದರು ಭಟ್ಟರು. “ನೋಡಿ, ಗುಂಡುಕಲ್ಲಿನ ಹಾಗಿದೀನಿ.”

ಗೌಡರು ಲೋಟವನ್ನು ಬೆಂಚಿಗೆ ಕುಕ್ಕಿದರು. ಬಾಳೆಕಲೆ ಹತ್ತಿದ ಶರ್ಟಿನ ತೋಳಿನ ಮೇಲೆ ಟೀ ಚೆಲ್ಲಿತು. ಆಮೇಲೆ ಅವರು ನಿರಾಳವಾಗಿ ನಕ್ಕರು.

“ಕಡಿದೆ ಅನ್ನೋರೇ ಸಾಬೀತು ಮಾಡ್ಬೇಕಲ್ಲ ವಕೀಲ್ರೇ? ಗೊನೆ ತೋರ್ಸಿ.”

ತುಂಗಮ್ಮನಿಗೆ ಸಾಕಾಗಿತ್ತು. “ಎಂತ ರಗಳೆ ಮಾರಾಯ್ರೆ! ಇಬ್ರೂ ಹೋಗಿ ಚೌಡಮ್ಮನ ಮುಂದೆ ಆಣೆ ಮಾಡಿ. ಮುಗೀತು.”

“ಬೇಡ!” ಎಂದರು ಇಬ್ಬರೂ ಒಟ್ಟಿಗೆ. ಆಸ್ತಿಕರೂ ನಾಸ್ತಿಕರೂ ನಮ್ಮೂರಲ್ಲಿ ಒಂದೇ ಮಾತಾಡಿದ್ದು ಅದೇ ಮೊದಲು.

ಗೊನೆ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿದೆ ಎಂದು ಸುಳ್ಳು ಹೇಳಿ ಭಟ್ಟರು ಮುಂದಿನ ಬಸ್ಸು ಹತ್ತಿದರು. ಪೇಟೆಯ ಹಣ್ಣಿನಂಗಡಿಯಲ್ಲಿ ನೇತಾಡುತ್ತಿದ್ದ ಗೊನೆಗಳಲ್ಲಿ, ದಿಂಡಿನಿಂದ ಇನ್ನೂ ಸೊನೆ ಒಸರುತ್ತಿದ್ದ ಒಂದನ್ನು ಆರಿಸಿ ಕೊಂಡರು. ಎಂತೆಂಥ ಸಾಕ್ಷಿಗಳಿಗೆ ಪಾಠ ಹೇಳಿಕೊಟ್ಟವರಿಗೆ ಒಂದು ಬಾಳೆಗೊನೆ ಯಾವ ಲೆಕ್ಕ?

ಮಧ್ಯಾಹ್ನ ಗೊನೆ ಬೆಂಚಿನ ಮೇಲೆ ಬಂದು ಕೂತಿತು. ಅದನ್ನು ಕಂಡದ್ದೇ ಗೌಡರ ಮುಖ ಬಿಳಿಚಿಕೊಂಡಿತು.

“ಯಾವ್ದೋ ಗೊನೆ ತಂದು...” ಎಂದು ತೊದಲಿದರು.

“ಯಾವ್ದೋ ಅಲ್ಲ, ಇದೇ!” ತುಂಗಮ್ಮ ಬಗ್ಗಿ ನೋಡಿದರು. “ಮೇಲಿನ ಚಿಪ್ಪಲ್ಲಿ ಮೂರು ಕಾಯಿ ಒಂದಕ್ಕೊಂದು ಅಂಟ್ಕೊಂಡಿವೆ ನೋಡಿ. ಇದು ತಾಯಿ ಗುರುತು ಅಂತ ನೀವೇ ಕರ್ದು ತೋರ್ಸಿದ್ರಲ್ಲ ಗೌಡ್ರೇ?”

ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಸಿದ್ಧಾಂತ ಬದಲಾಯಿತು. ಗೌಡರು ತಲೆ ತಗ್ಗಿಸಿ, ಕೊಟ್ಟ ಮಾತಿನಂತೆ ಬೋರ್ಡು ಕೀಳಲು ಹೊರಟರು.

ಗೆದ್ದ ಭಟ್ಟರು ಮಾತ್ರ ಆ ಮೂರು ಕಾಯಿಗಳನ್ನೇ ನೋಡುತ್ತ ಬೆವರುತ್ತಿದ್ದರು. ತಾನು ಕಡಿಯದ ಗೊನೆ, ಅಂಗಡಿಯಲ್ಲಿ ಕಾಸು ಕೊಟ್ಟು ತಂದ ಗೊನೆ, ಅದೇ ಗೊನೆ ಹೇಗಾಯಿತು? ಸುಳ್ಳು ಸಾಕ್ಷಿಯನ್ನು ನಿಜ ಮಾಡುವ ಶಕ್ತಿ ಯಾವುದು? ಅವರಿಗೆ ನಿಜಕ್ಕೂ ಭಯವಾಯಿತು. ಸಂಜೆ ತಲೆಗೆ ಟವೆಲ್ ಮುಸುಕು ಹಾಕಿಕೊಂಡು ಚೌಡಮ್ಮನ ಕಟ್ಟೆಗೆ ಹೋಗಿ, ಗೊನೆ ಇಟ್ಟು, ತೆಂಗಿನಕಾಯಿ ಒಡೆದು, ಉದ್ದಕ್ಕೆ ಅಡ್ಡಬಿದ್ದರು. ಮಂಡಿ ನೋವು ನೆನಪಿಗೂ ಬರಲಿಲ್ಲ.

ಅದೇ ಹೊತ್ತಿಗೆ ಬೇಲಿಯ ಬಳಿ ಗೌಡರು ಕೊನೆಯ ಮೊಳೆ ಕೀಳುತ್ತ ಬೋರ್ಡಿನೊಡನೆ ಮಾತಾಡುತ್ತಿದ್ದರು: “ವಕೀಲ್ರು ಕಡಿದು, ನಿನ್ ಕೈಲಿ ಏನೂ ಆಗ್ದೇ ಹೋದ್ರೆ ಅಂತ ಹೆದ್ರಿ, ನಸುಕಲ್ಲೇ ನಾನೇ ಕಡಿದು ಪೇಟೆ ಅಂಗ್ಡಿಗೆ ಹಾಕಿ ಬಂದ್ರೆ, ಆ ಮನುಷ್ಯ ಹೋಗಿ ಅದ್ನೇ ಕೊಂಡ್ಕೊಂಡು ಬರ್ಬೇಕಾ ತಾಯೀ!”