ಒಳಮಡಿಕೆ

"ಏನೂ ಇಲ್ಲ ಅಂತ ಬಂದಿದೆ ಡಾಕ್ಟ್ರೇ. ನೀವೇ ಇವಳಿಗೆ ಒಂದು ಮಾತು ಹೇಳಿಬಿಡಿ," ಎಂದು ಅತ್ತಿಗೆ ಎಕ್ಸ್-ರೇಯ ದೊಡ್ಡ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಕೂತಿದ್ದ ನಾದಿನಿ ಹುಬ್ಬುಗಳ ನಡುವೆ ಎರಡು ಬೆರಳು ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಅವರಿಬ್ಬರದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿ. ನಾಲ್ಕು ತಿಂಗಳಿಂದ ನಾದಿನಿ ಇಸ್ತ್ರಿ ಮೇಜಿಗೆ ಬಗ್ಗಿದರೆ ಸಾಕು, ಕಣ್ಣುಗಳ ಹಿಂದೆ ಯಾರೋ ಹೆಬ್ಬೆರಳಿಟ್ಟು ಅದುಮಿದಂತಾಗುತ್ತಿತ್ತು. ಎರಡು ಹಾಸುಬಟ್ಟೆ ಸುಟ್ಟಿದ್ದಳು. ಮೂರನೆಯದು ಸುಟ್ಟಾಗ ಅತ್ತಿಗೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಎಕ್ಸ್-ರೇ ತೆಗೆಸೋಣ. ಅದರಲ್ಲಿ ಏನೂ ಇಲ್ಲ ಅಂದ್ರೆ ತಲೆನೋವು ಅನ್ನೋ ಮಾತು ನಿನ್ನ ಬಾಯಲ್ಲಿ ಇನ್ನು ಬರಬಾರದು," ಎಂದಿದ್ದಳು. ನಾದಿನಿ ಒಪ್ಪಿದ್ದಳು. ನಿನ್ನೆ ವರದಿ ಬಂದ ಮೇಲೆ, ತನಗೆ ನೋಯುತ್ತಿರುವುದು ನಿಜವೇ ಎಂದು ಅವಳಿಗೇ ಅನುಮಾನ ಶುರುವಾಗಿತ್ತು. ಮೂಗಿನ ವೈದ್ಯೆಯ ಬಾಯಿಂದಲೂ ಅದನ್ನೇ ಕೇಳಿಸಿ ಮುಗಿಸಿಬಿಡೋಣವೆಂದು ಅತ್ತಿಗೆ ಇವತ್ತು ಅಂಗಡಿಗೆ ಬೀಗ ಹಾಕಿ ಬಂದಿದ್ದಳು.

ವೈದ್ಯೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದಳು. ನೋವು ಎಲ್ಲಿ, ಎಷ್ಟು ದಿನದಿಂದ ಎಂದು ನಾದಿನಿಯನ್ನು ಕೇಳಿ ತಿಳಿದು, ವರದಿ ಓದಿದಳು.

"ಏನೂ ಇಲ್ಲ ಅಂತ ಇಲ್ಲಿ ಬರೆದಿಲ್ಲವಲ್ಲ. ಏನೂ ಕಾಣಿಸಲಿಲ್ಲ ಅಂತ ಬರೆದಿದ್ದಾರೆ."

"ಎರಡೂ ಒಂದೇ ಅಲ್ವಾ?"

"ನಿಮ್ಮ ಕನ್ನಡಕ ಕಾಣಿಸಲಿಲ್ಲ ಅಂದ್ರೆ ಮನೇಲಿ ಕನ್ನಡಕವೇ ಇಲ್ಲ ಅಂತಲಾ?"

"ಅತ್ತಿಗೆ ಕನ್ನಡಕ ಯಾವಾಗಲೂ ತಲೆ ಮೇಲೇ ಇರುತ್ತೆ," ಎಂದಳು ನಾದಿನಿ ಮೆಲ್ಲಗೆ.

"ನೋಡಿ, ನಾಲಿಗೆಗೆ ಮಾತ್ರ ಒಂದು ದಿನವೂ ನೋವು ಬಂದಿಲ್ಲ," ಎಂದಳು ಅತ್ತಿಗೆ.

ವೈದ್ಯೆ ನಕ್ಕು ಫಿಲ್ಮನ್ನು ಅವರತ್ತ ತಿರುಗಿಸಿದಳು. "ಎಕ್ಸ್-ರೇ ಅಂದ್ರೆ ಇಡೀ ತಲೆಯ ನೆರಳು ಒಂದೇ ಹಾಳೆ ಮೇಲೆ ಬೀಳೋದು. ಮುಂದಿನ ಮೂಳೆ, ಹಿಂದಿನ ಮೂಳೆ, ಎಲ್ಲ ಒಂದರ ಮೇಲೊಂದು. ಕೆನ್ನೆ ಒಳಗಿನ ಗಾಳಿಗೂಡು, ಸೈನಸ್ ಅಂತಾರಲ್ಲ, ಅದು ದೊಡ್ಡದು, ಅಲ್ಲಿ ಕೀವು ತುಂಬಿದ್ರೆ ಎಷ್ಟೋ ಸಲ ಗೊತ್ತಾಗುತ್ತೆ. ಇವಳು ನೋವು ಅಂತ ತೋರಿಸ್ತಿರೋದು ಕಣ್ಣಿನ ಹಿಂದೆ, ತಲೆಯ ನಟ್ಟನಡುವೆ. ಅಲ್ಲಿರೋ ಗೂಡು ಹೀಗೆ ನೋಡಿದ್ರೆ ಮರೆಯಾಗಿಬಿಡುತ್ತೆ."

ಅತ್ತಿಗೆ ಫಿಲ್ಮಿನತ್ತ ಬಗ್ಗಿದಳು. "ಮಡಿಚಿದ ಹಾಸುಬಟ್ಟೇನ ಬೆಳಕಿಗೆ ಹಿಡಿದ ಹಾಗೆ."

"ಹಾಗೇ. ಸಿ.ಟಿ. ಅಂದ್ರೆ ಒಂದೊಂದೇ ಮಡಿಕೆ ಬಿಚ್ಚಿ ನೋಡೋದು."

ಒಗೆದ ಹಾಸುಬಟ್ಟೆಯನ್ನು ಪೂರ್ತಿ ಬಿಚ್ಚಿ ನೋಡದೆ ಯಾರೂ ಬಟ್ಟೆಗಂಟಿಗೆ ಸೇರಿಸಬಾರದು ಎಂಬುದು ಅಂಗಡಿಯ ಕಾನೂನು. ಒಳಮಡಿಕೆಯ ಕಲೆ ಗಿರಾಕಿಯ ಕಣ್ಣಿಗೇ ಮೊದಲು ಬೀಳುತ್ತದೆ ಎಂದು ಅತ್ತಿಗೆ ಆರು ವರ್ಷಗಳಿಂದ ನಾದಿನಿಯನ್ನು ಬೈಯುತ್ತ ಬಂದಿದ್ದಳು. ಈಗ ನಾದಿನಿ ಅವಳ ಮುಖ ನೋಡಿದಳು. ಅತ್ತಿಗೆ ಮುಖ ತಿರುಗಿಸಿ, "ಹಾಗಾದ್ರೆ ಮೊದಲೇ ಅದನ್ನ ಮಾಡಬಾರದಿತ್ತಾ?" ಎಂದು ವೈದ್ಯೆಯ ಮೇಲೆ ರೇಗಿದಳು.

"ನೆಗಡಿ ಬಂದೋರಿಗೆಲ್ಲ ಮಾಡೋದಲ್ಲಮ್ಮ ಅದು, ವಿಕಿರಣ ಜಾಸ್ತಿ. ನಾಲ್ಕು ತಿಂಗಳಾದ್ರೂ ಬಿಡದ ನೋವು ಇದು. ಈಗ ಬೇಕು."

ಸಿ.ಟಿ. ಕೋಣೆ ತಣ್ಣಗಿತ್ತು. ಬಿಳಿ ಬಳೆಯಂಥ ಯಂತ್ರದೊಳಗೆ ಹಲಗೆ ಸರಿಯುವಾಗ, ಅಲ್ಲಾಡಬೇಡಿ, ಉಗುಳು ಕೂಡ ನುಂಗಬೇಡಿ ಎಂದು ಗಾಜಿನ ಆಚೆಯಿಂದ ಯಾರೋ ಹೇಳಿದರು. ನಾದಿನಿ ಕಣ್ಣು ಮುಚ್ಚಿದಳು. ದೇವರೇ, ಒಳಗೆ ಏನಾದರೂ ಇರಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಂಡಿದ್ದಕ್ಕೆ ನಾಚಿಕೆಯಾಯಿತು. ಆದರೂ ಇನ್ನೊಂದು ಸಲ ಬೇಡಿಕೊಂಡಳು.

ಮಧ್ಯಾಹ್ನ ವೈದ್ಯೆ ಕಂಪ್ಯೂಟರಿನ ಪರದೆಯ ಮೇಲೆ ಅವಳ ತಲೆಯನ್ನು ಪದರ ಪದರವಾಗಿ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. "ಗಾಳಿ ಇರೋ ಕಡೆ ಕಪ್ಪಗೆ ಕಾಣಬೇಕು. ಈ ಗೂಡು ನೋಡಿ, ಪೂರ್ತಿ ಬೂದು ಬಣ್ಣ. ಕೀವು ತುಂಬಿಕೊಂಡಿದೆ. ಪಕ್ಕದಲ್ಲೇ ಕಣ್ಣಿನ ನರ ಹೋಗುತ್ತೆ, ಇನ್ನೂ ತಡ ಮಾಡೋ ಹಾಗಿರಲಿಲ್ಲ. ಔಷಧಿ ಶುರು ಮಾಡೋಣ. ಅದಕ್ಕೆ ಬಗ್ಗದಿದ್ರೆ ಮೂಗಿನ ಮೂಲಕವೇ ಒಂದು ಸಣ್ಣ ಆಪರೇಷನ್. ವಾಸಿಯಾಗುತ್ತೆ."

ನಾದಿನಿಗೆ ಕಣ್ಣು ತುಂಬಿ ಪರದೆ ಮಸುಕಾಯಿತು. "ಇದೆಯಾ? ನಿಜವಾಗಲೂ ಇದೆಯಾ?" ಎಂದು ಕೇಳಿದಳು.

"ರೋಗ ಇದೆ ಅಂದ್ರೆ ಇಷ್ಟು ಖುಷಿಪಡೋರನ್ನ ನಾನು ನೋಡಿಲ್ಲ," ಎಂದಳು ವೈದ್ಯೆ.

ಅತ್ತಿಗೆ ತನ್ನ ಕರವಸ್ತ್ರವನ್ನು ನಾದಿನಿಯ ಕೈಗೆ ತುರುಕಿ, ಕಣ್ಣೊರೆಸಿಕೋ ಎಂದು ಸನ್ನೆ ಮಾಡಿದಳು. ಔಷಧಿ ಚೀಟಿ ತೆಗೆದುಕೊಂಡಳು. ಬಾಗಿಲವರೆಗೆ ಹೋದವಳು ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಡಾಕ್ಟ್ರೇ, ಸೊಂಟ ನೋಡೋರು ಯಾವ ಕೋಣೇಲಿ ಕೂತ್ಕೋತಾರೆ?"

"ಯಾರಿಗೆ ಸೊಂಟನೋವು?"

ಅತ್ತಿಗೆ ತಿರುಗಲಿಲ್ಲ. "ನನಗೇ."

"ಎಷ್ಟು ದಿನದಿಂದ?"

ಆರು ವರ್ಷ ಅದೇ ಇಸ್ತ್ರಿ ಮೇಜಿನ ಆಚೆ ನಿಂತಿದ್ದ ನಾದಿನಿ ಕರವಸ್ತ್ರ ಹಿಡಿದುಕೊಂಡೇ ಎದ್ದು ನಿಂತಳು.

"ಎರಡನೇ ಮಗು ಹುಟ್ಟಿದಾಗಿನಿಂದ," ಎಂದಳು ಅತ್ತಿಗೆ. "ಈಗ ಅವನಿಗೆ ಹದಿನಾಲ್ಕು."